ಬೆನ್ನ ಮೇಲಿನ ಹೊರೆಗೆ ಸುಂಕವಿಲ್ಲ

ಆಫ್ರಿಕಾ ಖಂಡದ ಉತ್ತರ ತುದಿಯಲ್ಲಿ ಮೊರಾಕ್ಕೊ ಮತ್ತು ಸ್ಪೇನ್ ನಡುವೆ ಒಂದು ನೆಲಗಡಿ ಇದೆ. ಅಲ್ಲಿಂದ ಬಂದ ಫೋಟೋಗಳನ್ನು ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಿವೆ. ಫೋಟೋ ತೆಗೆದವರು ಬೇರೆ ಬೇರೆಯಾದರೂ ಚಿತ್ರ ಹೆಚ್ಚುಕಡಿಮೆ ಒಂದೇ. ನೆಲದತ್ತ ಬಾಗಿದ ಮಧ್ಯವಯಸ್ಸಿನ ಒಬ್ಬ ಹೆಂಗಸು, ಅವಳ ಬೆನ್ನಿಗೆ ಹಗ್ಗದಿಂದ ಬಿಗಿದ ಅವಳಿಗಿಂತಲೂ ದೊಡ್ಡದಾದ ಒಂದು ಗಂಟು, ತಲೆಗೆ ಸುತ್ತಿದ ಬಟ್ಟೆ. ಮುಖ ಕಾಣುವುದು ಅಪರೂಪ. ಕೆಳಗಿನ ಅಡಿಬರಹವೂ ಬಹುತೇಕ ಒಂದೇ: 'ಹೇಸರಗತ್ತೆ ಹೆಂಗಸರು'. ಸ್ಪ್ಯಾನಿಷ್ ಪತ್ರಿಕೆಗಳು ಚಾಲ್ತಿಗೆ ತಂದ 'ಮುಹೇರೆಸ್ ಮೂಲಾ' ಎಂಬ ಪದಪುಂಜ ಇಂಗ್ಲಿಷಿಗೂ ಫ್ರೆಂಚಿಗೂ ಹಾಗೆಯೇ ದಾಟಿಕೊಂಡಿತು. ಮರುಕದಿಂದ ಬರೆದವರೂ ಇದೇ ಹೆಸರನ್ನು ಬಳಸಿದರು, ತಾತ್ಸಾರದಿಂದ ಬರೆದವರೂ ಇದನ್ನೇ ಬಳಸಿದರು.

ಒಬ್ಬ ಮನುಷ್ಯಳ ದುಡಿಮೆಯನ್ನು ಪ್ರಾಣಿಯ ಹೆಸರಿನಿಂದ ಕರೆದಾಗ ಆಗುವ ಅವಮಾನವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಹೆಸರು ಅವಮಾನ ಮಾಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆ ಗಂಟು ಅವಳ ಬೆನ್ನಿಗೆ ಏಕೆ ಬಂತು ಎಂಬ ಪ್ರಶ್ನೆಯನ್ನೇ ಅದು ನುಂಗಿಬಿಡುತ್ತದೆ. ಹೇಸರಗತ್ತೆ ಹೊರೆ ಹೊರುವುದು ಅದರ ಸ್ವಭಾವ, ಅದಕ್ಕೆ ಕಾರಣ ಕೇಳುವವರಿಲ್ಲ. ಅದೇ ಗಡಿಯನ್ನು ಕುರಿತ 'ಬಾಬ್ ಸೆಬ್ತಾ' ಎಂಬ ಒಂದು ಕಿರುಚಿತ್ರವನ್ನು ಈ ಫೋಟೋಗಳ ಪಕ್ಕದಲ್ಲಿಟ್ಟು ನೋಡುವುದು, ಆ ನೆಪದಲ್ಲಿ ನಾವು ಬಡವರ ದುಡಿಮೆಯನ್ನು ನೋಡುವ ಬಗೆಯನ್ನೇ ಪರೀಕ್ಷಿಸಿಕೊಳ್ಳುವುದು ಈ ಬರಹದ ಉದ್ದೇಶ.

ಮೊದಲು ಆ ನೆಲದ ಪರಿಚಯ ಅಗತ್ಯ. ಮೊರಾಕ್ಕೊದ ಮೆಡಿಟರೇನಿಯನ್ ಕರಾವಳಿಯಲ್ಲಿ ಸೆಯುಟಾ ಮತ್ತು ಮೆಲಿಲ್ಲಾ ಎಂಬ ಎರಡು ಸಣ್ಣ ನಗರಗಳು ಇಂದಿಗೂ ಸ್ಪೇನಿನ ಅಧೀನದಲ್ಲಿವೆ. ಸೆಯುಟಾದ ವಿಸ್ತೀರ್ಣ ಸುಮಾರು 18 ಚದರ ಕಿಲೋಮೀಟರ್, ಮೆಲಿಲ್ಲಾ ಅದಕ್ಕಿಂತಲೂ ಚಿಕ್ಕದು. ಒಂದೊಂದರಲ್ಲೂ ಸುಮಾರು 85 ಸಾವಿರ ಜನರ ವಾಸ. ಸೆಯುಟಾವನ್ನು 1415ರಲ್ಲಿ ಪೋರ್ಚುಗೀಸರು ವಶಪಡಿಸಿಕೊಂಡರು, ನಂತರ ಅದು ಸ್ಪೇನಿನ ಕೈಸೇರಿತು. ಮೆಲಿಲ್ಲಾ ಸ್ಪೇನಿನ ವಶವಾದದ್ದು 1497ರಲ್ಲಿ. 1956ರಲ್ಲಿ ಮೊರಾಕ್ಕೊ ಸ್ವತಂತ್ರವಾದಾಗಲೂ ಈ ಎರಡು ನಗರಗಳು ಮರಳಿ ಬರಲಿಲ್ಲ. ಇವು ತನ್ನವೆಂದು ಮೊರಾಕ್ಕೊ ಇಂದಿಗೂ ಹೇಳುತ್ತದೆ.

ಸೆಯುಟಾದ ಅರಬ್ಬಿ ಹೆಸರು ಸೆಬ್ತಾ. ನಮ್ಮ ಮದ್ರಸಾಗಳಲ್ಲಿ ಓದಿದವರಿಗೆ ಈ ಊರು ಅಪರಿಚಿತವಲ್ಲ. 'ಅಶ್ಶಿಫಾ' ಗ್ರಂಥದ ಕರ್ತೃ ಖಾಝಿ ಇಯಾಝ್ 1083ರಲ್ಲಿ ಹುಟ್ಟಿದ್ದು ಇಲ್ಲಿಯೇ. ಸಿಸಿಲಿಯ ದೊರೆಗಾಗಿ 1154ರಲ್ಲಿ ಜಗತ್ತಿನ ಭೂಪಟ ಬರೆದುಕೊಟ್ಟ ಭೂಗೋಳಜ್ಞ ಅಲ್ ಇದ್ರೀಸಿ ಕೂಡ ಈ ಊರಿನವನೇ ಎಂಬ ಪ್ರತೀತಿ ಇದೆ. ಅಂಥ ಊರು ಇಂದು ಮುಳ್ಳುತಂತಿಯ ಎತ್ತರದ ಬೇಲಿಗಾಗಿ ಹೆಸರಾಗಿದೆ.

ಇನ್ನು ಗಂಟಿನ ವಿಷಯ. ಅದನ್ನು ಅವಳ ಬೆನ್ನಿಗೆ ಕಟ್ಟಿದ್ದರಲ್ಲಿ ಬಡತನದ ಪಾಲು ಎಷ್ಟಿದೆಯೋ ಕಾನೂನಿನ ಪಾಲು ಅದಕ್ಕಿಂತ ಹೆಚ್ಚಿದೆ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

1986ರಲ್ಲಿ ಸ್ಪೇನ್ ಯುರೋಪಿಯನ್ ಸಮುದಾಯವನ್ನು ಸೇರಿದಾಗ ಈ ಎರಡು ನಗರಗಳನ್ನು ಅದರ ಸುಂಕ ಒಕ್ಕೂಟದಿಂದ ಹೊರಗಿಡಲಾಯಿತು. ಹೀಗಾಗಿ ಹೊರದೇಶದ ಸರಕು ಅಲ್ಲಿಗೆ ಅಗ್ಗವಾಗಿ ಬಂದಿಳಿಯುತ್ತದೆ. ಬಂದ ಸರಕಿನ ಮೇಲೆ ನಗರಾಡಳಿತ ತನ್ನದೇ ಆದ ಒಂದು ಸಣ್ಣ ತೆರಿಗೆ ಹಾಕಿ ಬೊಕ್ಕಸ ತುಂಬಿಕೊಳ್ಳುತ್ತದೆ. 1991ರಲ್ಲಿ ಷೆಂಗೆನ್ ಒಪ್ಪಂದಕ್ಕೆ ಸೇರುವಾಗ ಸ್ಪೇನ್ ಇನ್ನೊಂದು ವಿನಾಯಿತಿಯನ್ನು ಉಳಿಸಿಕೊಂಡಿತು. ಸೆಯುಟಾಕ್ಕೆ ತಾಗಿದ ತೆತುವಾನ್ ಪ್ರಾಂತ್ಯದವರು ಮತ್ತು ಮೆಲಿಲ್ಲಾಕ್ಕೆ ತಾಗಿದ ನಾದೋರ್ ಪ್ರಾಂತ್ಯದವರು ವೀಸಾ ಇಲ್ಲದೆ ಹಗಲಿನಲ್ಲಿ ಬಂದು ಹೋಗಬಹುದಿತ್ತು, ರಾತ್ರಿ ತಂಗುವಂತಿರಲಿಲ್ಲ. ಮೊರಾಕ್ಕೊದ ಕಡೆಯಲ್ಲಿ ಮತ್ತೊಂದು ಪರಿಸ್ಥಿತಿ. ಸೆಯುಟಾದ ಗಡಿಯಲ್ಲಿ ವಾಣಿಜ್ಯ ಸರಕಿಗೆ ಕಸ್ಟಮ್ಸ್ ಕಚೇರಿಯನ್ನೇ ಅದು ತೆರೆದಿರಲಿಲ್ಲ. ತೆರೆದರೆ ಆ ಗಡಿಯನ್ನು ಗಡಿಯೆಂದು ಒಪ್ಪಿಕೊಂಡಂತಾಗುತ್ತದಲ್ಲ! ಆದ್ದರಿಂದ ಸೆಯುಟಾದಿಂದ ಒಂದು ಲಾರಿ ಸರಕು ಸುಂಕ ಕಟ್ಟಿ ನ್ಯಾಯವಾಗಿ ಮೊರಾಕ್ಕೊಕ್ಕೆ ದಾಟಬೇಕೆಂದರೆ ದಾರಿಯೇ ಇರಲಿಲ್ಲ.

ಆದರೆ ಮನುಷ್ಯರು ದಾಟಬಹುದಿತ್ತು. ಮನುಷ್ಯರು ತಮ್ಮ ಮೈಮೇಲೆ ಹೊತ್ತು ತಂದದ್ದು 'ಸ್ವಂತ ಸಾಮಾನು' ಎಂದು ಪರಿಗಣಿತವಾಗುತ್ತಿತ್ತು, ಅದಕ್ಕೆ ಸುಂಕವಿರಲಿಲ್ಲ. ಇಡೀ ವ್ಯವಹಾರ ನಿಂತಿದ್ದುದು ಈ ಒಂದು ಎಳೆಯ ಮೇಲೆ. ನೆಲದ ಮೇಲಿದ್ದಾಗ ಸರಕಾಗಿದ್ದ 70 ಕಿಲೋ ಹಳೆಬಟ್ಟೆಯ ಗಂಟು ಒಬ್ಬ ಹೆಂಗಸಿನ ಬೆನ್ನೇರಿದ ಕ್ಷಣದಲ್ಲಿ ಅವಳ ಸ್ವಂತ ಸಾಮಾನಾಗುತ್ತದೆ. ಗೇಟು ದಾಟಿ ಆಚೆ ಇಳಿಸಿದ ಕ್ಷಣದಲ್ಲಿ ಮತ್ತೆ ವ್ಯಾಪಾರಿಯ ಸರಕಾಗುತ್ತದೆ. ಅದು ಅವಳದೆಂದು ಲೆಕ್ಕವಾಗುವುದು ಭಾರ ಅವಳ ಮೇಲಿರುವಷ್ಟು ಹೊತ್ತು ಮಾತ್ರ. ಲಾಭ ಬರುವ ಹೊತ್ತಿಗೆ ಅದು ಇನ್ಯಾರದೋ ಆಗಿರುತ್ತದೆ.

ಸೆಯುಟಾದ ತರಾಹಾಲ್ ಗೇಟಿನ ಪಕ್ಕದಲ್ಲೇ ಗೋದಾಮುಗಳ ಸಾಲು ಇದೆ. ಮೆಲಿಲ್ಲಾದಲ್ಲಿ ಬಾರ್ರಿಯೊ ಚೀನೊ ಎಂಬ ಗೇಟು ಇಂಥ ಸಾಗಣೆಗೆ ಹೆಸರಾಗಿತ್ತು. ಕಂಬಳಿ, ಹಳೆಬಟ್ಟೆ, ಮಕ್ಕಳ ಡೈಪರ್, ಟಯರು, ಬಿಸ್ಕತ್ತು, ಸೋಪು, ಅಡುಗೆಮನೆ ಪಾತ್ರೆ, ಎಲ್ಲವೂ ಹೀಗೆ ದಾಟಿದವು. ನಸುಕಿಗೂ ಮೊದಲೇ ಸರದಿ ಹಿಡಿದು ನಿಲ್ಲುತ್ತಿದ್ದ ಈ ಹೆಂಗಸರಲ್ಲಿ ವಿಧವೆಯರು, ತಲಾಕ್ ಆದವರು, ಗಂಡ ಕೈಲಾಗದೆ ಮಲಗಿದ್ದರಿಂದ ಮನೆ ನಡೆಸಬೇಕಾದವರು ಬಹಳ. ಹೊರೆಯ ತೂಕ 60ರಿಂದ 90 ಕಿಲೋವರೆಗೂ ಇರುತ್ತಿತ್ತೆಂದು ವರದಿಗಳು ಹೇಳುತ್ತವೆ. ಸಿಗುತ್ತಿದ್ದ ಕೂಲಿ ಒಂದು ಸುತ್ತಿಗೆ ಕೆಲವು ಯೂರೋ ಮಾತ್ರ. ಅದರಲ್ಲಿಯೂ ದಾರಿಯಲ್ಲಿ ಲಂಚದ ಪಾಲು ಹೋಗುತ್ತಿತ್ತು.

ಇಲ್ಲೊಂದು ಹೋಲಿಕೆ ಮಾಡಿ ನೋಡಬೇಕು. ದುಡಿಯುವವರು ಹೊರಬಹುದಾದ ಗರಿಷ್ಠ ಭಾರದ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಒಂದು ಒಡಂಬಡಿಕೆಯನ್ನೂ ಒಂದು ಶಿಫಾರಸನ್ನೂ ಅಂಗೀಕರಿಸಿತ್ತು. ವಯಸ್ಕ ಗಂಡಸಿಗೆ 55 ಕಿಲೋ, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಎಂಬುದು ಆ ಶಿಫಾರಸಿನ ಸಾರ. ಈ ಮಿತಿ ತರಾಹಾಲ್ ಗೇಟಿನಲ್ಲಿ ಏಕೆ ನಡೆಯಲಿಲ್ಲ? ಉತ್ತರ ಸರಳವಾಗಿದೆ. ಆ ಮಿತಿ ಕಾರ್ಮಿಕರಿಗೆ ಸಂಬಂಧಿಸಿದ್ದು. ಕಾನೂನಿನ ಕಣ್ಣಿನಲ್ಲಿ ಈ ಹೆಂಗಸು ಕಾರ್ಮಿಕಳಾಗಿರಲಿಲ್ಲ, ತನ್ನ ಸ್ವಂತ ಸಾಮಾನು ಹೊತ್ತು ಮನೆಗೆ ಹೊರಟ ಪ್ರಯಾಣಿಕಳಾಗಿದ್ದಳು. ಪ್ರಯಾಣಿಕಳಿಗೆ ಮಾಲೀಕನಿಲ್ಲ, ಕೂಲಿ ದರವಿಲ್ಲ, ಬಿದ್ದರೆ ಪರಿಹಾರವಿಲ್ಲ.

ಎರಡು ಪ್ರಭುತ್ವಗಳು ಈ ವ್ಯವಹಾರಕ್ಕೆ ಕೊಟ್ಟ ಹೆಸರುಗಳನ್ನೂ ಗಮನಿಸಬೇಕು. ಸ್ಪೇನ್ ಇದನ್ನು 'ಅಸಹಜ ವ್ಯಾಪಾರ' ಎಂದು ಕರೆಯಿತು. ಸಭ್ಯವಾದ ಹೆಸರು, ಬೊಕ್ಕಸಕ್ಕೆ ತೊಂದರೆ ಕೊಡದ ಹೆಸರು. ಮೊರಾಕ್ಕೊದ ಪತ್ರಿಕೆಗಳೂ ಅಧಿಕಾರಿಗಳೂ ಬಳಸಿದ ಹೆಸರು 'ತಹ್ರೀಬ್ ಮಈಶೀ', ಅಂದರೆ ಹೊಟ್ಟೆಪಾಡಿನ ಕಳ್ಳಸಾಗಣೆ. ಒಂದೇ ಗೇಟಿನ ಈಚೆ ಅದು ವ್ಯಾಪಾರ, ಆಚೆ ಅದು ಕಳ್ಳಸಾಗಣೆ. ಎರಡು ಹೆಸರುಗಳಲ್ಲಿಯೂ ಕಾಣದಿರುವ ಒಂದು ಪದವೆಂದರೆ 'ಕೆಲಸ'. ವ್ಯಾಪಾರವೆಂದರೆ ಅವಳು ವ್ಯಾಪಾರಿಯಲ್ಲ, ಕಳ್ಳಸಾಗಣೆಯೆಂದರೆ ಸರಕು ಅವಳದಲ್ಲ. ಅವಳು ಮಾಡಿದ್ದು ಕೂಲಿ. ಅದನ್ನು ಕೂಲಿ ಎಂದು ಕರೆಯದಿರುವುದರಲ್ಲಿ ಎರಡೂ ಕಡೆಯವರಿಗೆ ಅನುಕೂಲವಿತ್ತು.

ಈಗ ಫೋಟೋಗಳಿಗೆ ಮರಳೋಣ. ಅವು ಸುಳ್ಳು ಹೇಳುತ್ತವೆ ಎನ್ನುವಂತಿಲ್ಲ. ಆ ಬಾಗಿದ ಬೆನ್ನು ನಿಜ, ಆ ಭಾರ ನಿಜ. ಸಾವುಗಳೂ ನಿಜ. 2008ರ ನವೆಂಬರಿನಲ್ಲಿ ಮೆಲಿಲ್ಲಾದ ಗೇಟಿನ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಸತ್ತಳು. 2009ರ ಮೇ ತಿಂಗಳಲ್ಲಿ ಸೆಯುಟಾದಲ್ಲಿ ಇಬ್ಬರು, 2017ರ ಆಗಸ್ಟಿನಲ್ಲಿ ಇಬ್ಬರು, 2018ರ ಜನವರಿಯಲ್ಲಿ ಮತ್ತೆ ಇಬ್ಬರು ಕಾಲ್ತುಳಿತಕ್ಕೆ ಬಲಿಯಾದರು. ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ಆಂಡಲೂಸಿಯಾದ ಮಾನವ ಹಕ್ಕುಗಳ ಸಂಘದಂಥವರು ಹಲವು ವರ್ಷ ಕೂಗಿ ಹೇಳಿದ ಮೇಲೆ ಜಗತ್ತಿಗೆ ಇದು ಸುದ್ದಿಯಾಯಿತು. ಆ ಮಟ್ಟಿಗೆ ಫೋಟೋಗಳ ಉಪಕಾರವನ್ನು ಅಲ್ಲಗಳೆಯಬಾರದು.

ಆದರೆ ಫೋಟೋ ಕೇಳಿದ ಪ್ರಶ್ನೆ ಯಾವುದೋ ಪರಿಹಾರವೂ ಅದಕ್ಕೆ ತಕ್ಕಂತೆ ಬಂತು. ಚಿತ್ರದಲ್ಲಿ ಕಂಡದ್ದು ದೇಹದ ಅವಸ್ಥೆ. ಅಧಿಕಾರಿಗಳು ದೇಹವನ್ನು ಶಿಸ್ತಿಗೆ ತಂದರು. 2017ರಲ್ಲಿ ಸಾಗಣೆಗೆಂದೇ ಪ್ರತ್ಯೇಕವಾದ 'ತರಾಹಾಲ್ 2' ಎಂಬ ದಾರಿ ತೆರೆಯಿತು. ದಿನಕ್ಕೆ ಇಷ್ಟೇ ಮಂದಿ ಎಂದು ಸಂಖ್ಯೆ ನಿಗದಿಯಾಯಿತು. ಹೆಂಗಸರಿಗೊಂದು ದಿನ, ಗಂಡಸರಿಗೊಂದು ದಿನ ಎಂದು ಸರದಿ ಹಂಚಲಾಯಿತು. 2018ರಲ್ಲಿ ಬೆನ್ನ ಮೇಲೆ ಹೊರುವುದನ್ನು ನಿಲ್ಲಿಸಿ ಗಾಲಿಯ ಗಾಡಿಯಲ್ಲಿ ಎಳೆಯಬೇಕೆಂಬ ನಿಯಮ ಬಂತು. ಬಾಗಿದ ಬೆನ್ನು ಕ್ಯಾಮರಾದಿಂದ ಸರಿಯಿತು. ಗೋದಾಮಿನವನು ಯಾರು, ಕೂಲಿ ಎಷ್ಟು, ಅಪಘಾತಕ್ಕೆ ಹೊಣೆ ಯಾರದು ಎಂಬ ಪ್ರಶ್ನೆಗಳು ಇದ್ದಲ್ಲಿಯೇ ಉಳಿದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಈ ಚಿತ್ರಗಳ ಸುತ್ತ ಬೆಳೆದ ಇನ್ನೊಂದು ಬಗೆಯ ಮಾತನ್ನೂ ಇಲ್ಲಿ ಹೇಳಬೇಕು. ತಲೆಬಟ್ಟೆ ತೊಟ್ಟ ಹೆಂಗಸು ಹೊರೆ ಹೊತ್ತ ಚಿತ್ರ ಕಂಡ ಕೂಡಲೇ ಕೆಲವರಿಗೆ ಅವಳ ಧರ್ಮವೇ ಅವಳ ಹೊರೆಯಾಗಿ ಕಾಣುತ್ತದೆ. 'ಮುಸ್ಲಿಂ ಸಮಾಜದಲ್ಲಿ ಹೆಣ್ಣಿನ ಸ್ಥಿತಿ' ಎಂಬ ಸಿದ್ಧ ತಲೆಬರಹ ಅವರ ಬಳಿ ಯಾವಾಗಲೂ ಇರುತ್ತದೆ. ಬ್ರಸೆಲ್ಸ್, ಮ್ಯಾಡ್ರಿಡ್ ಮತ್ತು ರಬಾತ್‌ನಲ್ಲಿ ಬರೆದ ಸುಂಕದ ನಿಯಮ ಆ ತಲೆಬಟ್ಟೆಯ ಮರೆಯಲ್ಲಿ ಕಾಣದಂತಾಗುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮವರ ಕಡೆಯಿಂದ ಬರುವ ಮಾತೂ ಅಷ್ಟೇ ಸಿದ್ಧವಾದದ್ದು: ನಮ್ಮ ಹೆಂಗಸರು ಬೀದಿಗೆ ಬಂದು ಹೀಗೆ ಹೊರೆ ಹೊರುವುದೇ, ಮರ್ಯಾದೆ ಎಲ್ಲಿ ಹೋಯಿತು? ಮೊದಲನೆಯವರು ಅವಳನ್ನು ಧರ್ಮದಿಂದ ಬಿಡಿಸಲು ಹೊರಟರೆ ಎರಡನೆಯವರು ಅವಳನ್ನು ಮನೆಯೊಳಗೆ ಕಳಿಸಲು ಹೊರಡುತ್ತಾರೆ. ಅವಳಿಗೆ ಸರಿಯಾದ ಕೂಲಿ ಸಿಗಬೇಕೆಂದು ಇಬ್ಬರೂ ಕೇಳುವುದಿಲ್ಲ. ವಿಧವೆಯ ಮನೆಯ ಒಲೆ ಮರ್ಯಾದೆಯಿಂದ ಉರಿಯುವುದಿಲ್ಲ ಎಂಬುದು ನಮಗೆ ಗೊತ್ತಿರಬೇಕಾದ ಸತ್ಯ.

ಇಂಥ ಹಿನ್ನೆಲೆಯಲ್ಲಿ ರಂದಾ ಮಾರೂಫಿಯವರ 'ಬಾಬ್ ಸೆಬ್ತಾ' ಮುಖ್ಯವೆನಿಸುತ್ತದೆ. ಹೆಸರಿನ ಅರ್ಥ 'ಸೆಬ್ತಾದ ಬಾಗಿಲು'. ಆ ಗೇಟನ್ನು ಮೊರಾಕ್ಕೊದ ಜನ ಕರೆಯುವ ಹೆಸರೇ ಅದು. ಕಾಸಾಬ್ಲಾಂಕಾದಲ್ಲಿ ಹುಟ್ಟಿದ ಈ ಕಲಾವಿದೆ 2019ರಲ್ಲಿ ಮಾಡಿದ ಈ ಚಿತ್ರ 20 ನಿಮಿಷದ ಒಳಗೇ ಮುಗಿಯುತ್ತದೆ. ಗಡಿಯ ಹತ್ತಿರ ಕಂಡ ಸಂಗತಿಗಳನ್ನು ಅವರು ಗಡಿಯಲ್ಲಿ ಚಿತ್ರೀಕರಿಸದೆ ಬೇರೊಂದು ಮುಚ್ಚಿದ ಜಾಗದಲ್ಲಿ ಮರುಸೃಷ್ಟಿಸಿದ್ದಾರೆ. ಬೇಲಿ, ಗೋಡೆ, ಸಮುದ್ರ ಯಾವುದೂ ಇಲ್ಲ. ನೆಲದ ಮೇಲೆ ಎಳೆದ ಗೆರೆಗಳೇ ಗಡಿಯಾಗುತ್ತವೆ. ಕ್ಯಾಮರಾ ನಿಧಾನವಾಗಿ ಚಲಿಸುತ್ತದೆ, ಹಲವು ಸಲ ನೇರವಾಗಿ ಮೇಲಿನಿಂದ ನೋಡುತ್ತದೆ. ಜನ ಕಾಯುತ್ತಾರೆ, ಪೊಟ್ಟಣ ಕಟ್ಟುತ್ತಾರೆ, ಸಾಲಾಗಿ ನಿಲ್ಲುತ್ತಾರೆ. ಗಡಿಯನ್ನು ಬಲ್ಲವರ ಮಾತುಗಳು ದೃಶ್ಯದ ಮೇಲೆ ತೇಲಿ ಬರುತ್ತವೆ.

ಈ ವಿಧಾನದಿಂದ ಆದ ಲಾಭವೇನು? ಫೋಟೋದಲ್ಲಿ ಭಾರ ಕಾಣುತ್ತಿತ್ತು, ಇಲ್ಲಿ ಗೆರೆ ಕಾಣುತ್ತದೆ. ಗೋಡೆಯನ್ನು ತೆಗೆದುಬಿಟ್ಟಾಗ ಗಡಿಯೆಂಬುದು ಒಂದು ನಿಯಮ ಎಂಬುದು ತಟ್ಟನೆ ಹೊಳೆಯುತ್ತದೆ. ಗೆರೆಯ ಈಚೆಗೂ ಆಚೆಗೂ ನೆಲ ಒಂದೇ. ಈಚೆ ಇದ್ದಾಗ ಒಂದು ಬೆಲೆ, ಆಚೆ ಇಟ್ಟಾಗ ಇನ್ನೊಂದು ಬೆಲೆ. ನಡುವೆ ಬೇಕಾದದ್ದು ಒಂದು ದೇಹ, ಅಷ್ಟೇ. ಇನ್ನೊಂದು ಗುಣವೆಂದರೆ ಈ ಚಿತ್ರಕ್ಕೆ ಅವಸರವಿಲ್ಲ. ಪತ್ರಿಕಾ ಛಾಯಾಗ್ರಾಹಕ ನೂಕುನುಗ್ಗಲಿನ ಕ್ಷಣಕ್ಕೆ ಕಾಯುತ್ತಾನೆ, ಕೆಲಸದ ಬಹುಪಾಲು ಇರುವುದು ಕಾಯುವುದರಲ್ಲಿ ಎಂಬುದು ಅವನ ಚೌಕಟ್ಟಿಗೆ ಸಿಗುವುದಿಲ್ಲ. ಮಾರೂಫಿಯವರ ಕ್ಯಾಮರಾ ಕಾಯುವವರ ಜೊತೆ ತಾನೂ ಕಾಯುತ್ತದೆ. ಕಟ್ಟುವುದು, ಅಳೆಯುವುದು, ಮೈಗೆ ಹೊಂದಿಸುವುದು ಇವೆಲ್ಲ ಕಲಿತು ಮಾಡುವ ಕೆಲಸಗಳು ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಕಲಿತು ಮಾಡುವ ಕೆಲಸವಿದ್ದಲ್ಲಿ ಕೆಲಸಗಾರಳಿದ್ದಾಳೆ. ಹೇಸರಗತ್ತೆ ಎಂಬ ಪದ ಅಲ್ಲಿಗೆ ಕಳಚಿ ಬೀಳುತ್ತದೆ.

ಆದರೂ ಈ ಚಿತ್ರದ ಬಗ್ಗೆ ನಮಗೆ ಎರಡು ತಕರಾರುಗಳಿವೆ. ಮೊದಲನೆಯದು, ಮೇಲಿನಿಂದ ನೋಡುವ ನೋಟ ಗಡಿ ಕಾಯುವವರ ನೋಟವೂ ಹೌದು. ಕಾವಲು ಗೋಪುರದ ಕ್ಯಾಮರಾಕ್ಕೂ ಹೆಂಗಸರು ಹೀಗೆಯೇ, ತಲೆಗಳ ಮತ್ತು ಗಂಟುಗಳ ಸಾಲಾಗಿ ಕಾಣುತ್ತಾರೆ. ಆ ನೋಟವನ್ನು ಎರವಲು ಪಡೆದು ಅದನ್ನೇ ಪ್ರಶ್ನಿಸುವುದು ಕಲಾವಿದೆಯ ಉದ್ದೇಶವಿರಬಹುದು. ಆದರೆ ಎರವಲು ತಂದ ಕಣ್ಣು ತನ್ನ ಹಳೆಯ ಅಭ್ಯಾಸವನ್ನು ಪೂರ್ತಿ ಬಿಡುವುದಿಲ್ಲ. ಕೆಲವೆಡೆ ಆಕೃತಿಗಳ ಚೆಲುವು ಕಣ್ಣಿಗೆ ಹಿತವಾಗತೊಡಗುತ್ತದೆ, ಆ ಹಿತವೇ ನೋಡುಗನನ್ನು ಸುಮ್ಮನಾಗಿಸುವ ಅಪಾಯವಿದೆ. ಎರಡನೆಯ ತಕರಾರು, ಚಿತ್ರ ಗಡಿಯ ನೆಲವನ್ನು ಬಿಟ್ಟು ಕದಲುವುದಿಲ್ಲ. ಗಂಟು ಅಲ್ಲಿಂದ ಎಲ್ಲಿಗೆ ಹೋಯಿತು, ಯಾವ ಪೇಟೆಯಲ್ಲಿ ಬಿಚ್ಚಿಕೊಂಡಿತು, ಅದರಿಂದ ಯಾರ ಮನೆಗೆ ಮಹಡಿ ಏರಿತು? ಸರಕಿನ ಬೆನ್ನು ಹತ್ತಿ ಹೋಗಿದ್ದರೆ ಹೊರುವವರ ಕತೆಯ ಜೊತೆಗೆ ಹೊರಿಸುವವರ ಕತೆಯೂ ಬರುತ್ತಿತ್ತು. ಬಡವರನ್ನು ಕುರಿತ ನಮ್ಮ ಕಾಲದ ಒಳ್ಳೆಯ ಕಲೆಯಲ್ಲಿಯೂ ಹೊರಿಸುವವನು ಹೀಗೆ ಚೌಕಟ್ಟಿನ ಹೊರಗೇ ಉಳಿದುಬಿಡುತ್ತಾನೆ.

ಚಿತ್ರ ಬಂದ ವರ್ಷವೇ ಕತೆ ಬೇರೆ ತಿರುವು ಪಡೆಯಿತು. ಮೊರಾಕ್ಕೊ ಸರಕಾರ 2018ರ ಆಗಸ್ಟ್ 1ರಂದು ಮೆಲಿಲ್ಲಾದ ಹಳೆಯ ವಾಣಿಜ್ಯ ಕಸ್ಟಮ್ಸ್ ಕಚೇರಿಯನ್ನು ಮುಚ್ಚಿತ್ತು. 2019ರ ಅಕ್ಟೋಬರಿನಲ್ಲಿ ಸೆಯುಟಾದಿಂದ ಹೊರೆ ಸಾಗಿಸುವುದನ್ನೂ ನಿಲ್ಲಿಸಿತು. ಸ್ವದೇಶಿ ಉತ್ಪಾದಕರಿಗೆ ನಷ್ಟ, ಬೊಕ್ಕಸಕ್ಕೆ ನಷ್ಟ ಎಂಬ ಕಾರಣಗಳಿದ್ದವು. ಇವುಗಳ ಜೊತೆಗೆ ಎಲ್ಲರ ಬಾಯಲ್ಲಿ ಕೇಳಿಬಂದ ಇನ್ನೊಂದು ಕಾರಣ, ಹೆಂಗಸರ ಘನತೆ. ಇಂಥ ಹೀನಾಯ ದುಡಿಮೆ ಕೊನೆಯಾಗಬೇಕು ಎಂಬ ಮಾತಿಗೆ ಎದುರಾಡುವವರು ಯಾರು? ಆದರೆ ದುಡಿಮೆ ಕೊನೆಯಾದ ದಿನ ಹೊಸ ದುಡಿಮೆ ಎಲ್ಲಿತ್ತು? 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಗಡಿ ಪೂರ್ತಿಯಾಗಿ ಮುಚ್ಚಿತು. ಸೆಯುಟಾಕ್ಕೆ ತಾಗಿದ ಫ್ನಿದೆಕ್ ಪಟ್ಟಣ ಈ ವ್ಯಾಪಾರವನ್ನೇ ನಂಬಿ ಬೆಳೆದಿತ್ತು. 2021ರ ಫೆಬ್ರವರಿಯಲ್ಲಿ ಅಲ್ಲಿನ ಜನ ಬೀದಿಗಿಳಿದರು. ಅವರ ಬೇಡಿಕೆ ಒಂದೇ, ಬದುಕಲು ದಾರಿ ಕೊಡಿ.

ಅದೇ ವಾರದಲ್ಲಿ, ಫೆಬ್ರವರಿ 8ರಂದು, ಹತ್ತಿರದ ತಾಂಜಿಯರ್ ನಗರದಲ್ಲಿ ಮನೆಯೊಂದರ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಅನಧಿಕೃತ ಹೊಲಿಗೆ ಕಾರ್ಖಾನೆಗೆ ಮಳೆನೀರು ನುಗ್ಗಿ ಕನಿಷ್ಠ 28 ಮಂದಿ ಸತ್ತರು. ಹೆಚ್ಚಿನವರು ಹೆಂಗಸರು. ಸತ್ತವರಲ್ಲಿ ಹಿಂದೆ ಹೊರೆ ಹೊತ್ತವರಿದ್ದರು ಎಂದು ನಾವು ಹೇಳುತ್ತಿಲ್ಲ. ಹೊರೆ ಇಳಿದ ಹೆಣ್ಣಿಗೆ ಆ ಸೀಮೆಯಲ್ಲಿ ಉಳಿದಿದ್ದ ದುಡಿಮೆಯ ಬಾಗಿಲು ಎಂಥದ್ದಾಗಿತ್ತು ಎಂಬುದನ್ನು ಈ ದುರಂತ ತೋರಿಸುತ್ತದೆ. ಗಡಿಯಲ್ಲಿ ಅವಳ ದೇಹ ಕ್ಯಾಮರಾಕ್ಕೆ ಕಾಣುತ್ತಿತ್ತು. ನೆಲಮಾಳಿಗೆಯಲ್ಲಿ ಅದೂ ಇಲ್ಲ.

2021ರ ಮೇ ತಿಂಗಳಲ್ಲಿ ಎರಡು ದೇಶಗಳ ರಾಜತಾಂತ್ರಿಕ ಜಗಳದ ನಡುವೆ ಕಾವಲು ಸಡಿಲಗೊಂಡಾಗ ಎರಡೇ ದಿನದಲ್ಲಿ ಸುಮಾರು 8,000 ಮಂದಿ ಈಜಿಯೂ ನಡೆದೂ ಸೆಯುಟಾಕ್ಕೆ ನುಗ್ಗಿದರು. ಅವರಲ್ಲಿ ಮಕ್ಕಳೂ ಬಹಳವಿದ್ದರು. 2022ರ ಮೇ ತಿಂಗಳಲ್ಲಿ ಗೇಟುಗಳು ಮತ್ತೆ ತೆರೆದವು. ಆದರೆ ಹೊರೆ ಸಾಗಣೆ ಮರಳಲಿಲ್ಲ. ನೆರೆಯ ಪ್ರಾಂತ್ಯದವರಿಗಿದ್ದ ವೀಸಾ ವಿನಾಯಿತಿಯೂ ಮರಳಲಿಲ್ಲ. 2025ರ ಆರಂಭದಲ್ಲಿ ಎರಡೂ ನಗರಗಳಿಂದ ಕಸ್ಟಮ್ಸ್ ಮೂಲಕ ಸೀಮಿತ ಪ್ರಮಾಣದ ಸರಕು ವಾಹನಗಳಲ್ಲಿ ದಾಟತೊಡಗಿತು. ಯಾವುದು ಅಸಾಧ್ಯ ಎನ್ನುತ್ತಿದ್ದರೋ ಅದು ಎರಡು ಸರಕಾರಗಳು ಕೂತು ಮಾತಾಡಿದಾಗ ಸಾಧ್ಯವಾಯಿತು. ಹಾಗಾದರೆ ಅಷ್ಟು ವರ್ಷ ಆ ಭಾರ ಹೆಂಗಸರ ಬೆನ್ನಿನ ಮೇಲೆ ಸಾಗಬೇಕಾಗಿ ಬಂದದ್ದು ಯಾರ ಹಟಕ್ಕಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಬೆನ್ನು ಸವೆಸಿದವರಿಗೆ ಪಿಂಚಣಿಯಿಲ್ಲ, ಏಕೆಂದರೆ ಅವರು ದುಡಿದದ್ದಕ್ಕೆ ದಾಖಲೆಯೇ ಇಲ್ಲ. ಕೆಲವರಿಗೆ ತಾತ್ಕಾಲಿಕ ಕೆಲಸ, ಹೊಲಿಗೆ ಕಾರ್ಖಾನೆಯ ಕೆಲಸ ಸಿಕ್ಕಿತು. ಉಳಿದವರನ್ನು ಕ್ಯಾಮರಾಗಳು ಮರೆತವು. ಹೊರೆಯಿಲ್ಲದ ಹೆಂಗಸು ಫೋಟೋಕ್ಕೆ ವಸ್ತುವಲ್ಲ.

ಘನತೆ ಎಂಬ ಮಾತು ಒಳ್ಳೆಯದೇ. ಆದರೆ ಹಸಿದವಳ ಕೈಯಿಂದ ಕೆಲಸ ಕಸಿದುಕೊಳ್ಳಲು ಅದನ್ನು ಬಳಸಿದಾಗ ಅದು ಇನ್ನೊಂದು ಬಗೆಯ ಹೊರೆಯಾಗುತ್ತದೆ. ಘನತೆಯಿಂದ ಹೊರುವ ದಾರಿಯನ್ನು, ಅಂದರೆ ತೂಕದ ಮಿತಿ, ಕೂಲಿಯ ದರ, ನೋಂದಣಿ, ಸಂಘ ಕಟ್ಟುವ ಹಕ್ಕು ಇವನ್ನು ಆ ಎರಡು ದಶಕಗಳಲ್ಲಿ ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ಅವಳನ್ನು ಕೆಲಸಗಾರಳೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಈ ಹೆಂಗಸರಿಗೆ ಅರಬ್ಬಿ ಪತ್ರಿಕೆಗಳು ಬಳಸುವ ಇನ್ನೊಂದು ಹೆಸರಿದೆ: 'ಹಮ್ಮಾಲಾತ್'. ಹೊರುವವರು ಎಂದು ಅದರ ಅರ್ಥ. ಕನ್ನಡಿಗರಿಗೆ ಈ ಪದವನ್ನು ಪರಿಚಯಿಸಬೇಕಾಗಿಲ್ಲ. ಹುಬ್ಬಳ್ಳಿ, ರಾಯಚೂರಿನ ಮಾರುಕಟ್ಟೆ ಯಾರ್ಡುಗಳಲ್ಲಿ ಚೀಲ ಹೊರುವವರನ್ನು ನಾವು ಹಮಾಲರೆಂದೇ ಕರೆಯುತ್ತೇವೆ. ಅರಬ್ಬಿಯ ಅದೇ ಧಾತು ಕಡಲು ದಾಟಿ ಫಾರಸಿ, ಮರಾಠಿಗಳ ಮೂಲಕ ನಮ್ಮ ಮಾತಿಗೆ ಬಂದಿದೆ. ಬಸುರಿಗೆ ಉರ್ದುವಿನಲ್ಲಿ 'ಹಾಮಿಲಾ' ಎನ್ನುವುದೂ ಇದೇ ಧಾತುವಿನಿಂದ. ಹೊರುವುದು ಹೀನ ಎಂಬ ಭಾವನೆ ಆ ಮಾತಿನ ಬೇರಿನಲ್ಲಿ ಇಲ್ಲ.

ಪದವೊಂದು ಕಾನೂನಿನ ಪುಸ್ತಕಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ಸುತ್ತಮುತ್ತಲೇ ಉದಾಹರಣೆಗಳಿವೆ. ನೆರೆಯ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಮತ್ತು ಹಮಾಲಿ ಕಾರ್ಮಿಕರಿಗಾಗಿಯೇ ಒಂದು ಕಾಯ್ದೆ ಮಾಡಿತು. ದಿನಕ್ಕೊಬ್ಬ ಮಾಲೀಕನ ಚೀಲ ಹೊರುವವನನ್ನೂ ಅದು ಕಾರ್ಮಿಕನೆಂದು ಹೆಸರಿಸಿ, ಮಂಡಳಿಯ ಮೂಲಕ ಕೂಲಿ, ಭವಿಷ್ಯನಿಧಿಗಳಿಗೆ ದಾರಿ ಮಾಡಿತು. ಬೀಡಿ ಕಾರ್ಮಿಕರ 1966ರ ಕೇಂದ್ರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಕರಾವಳಿಯ ಸಾವಿರಾರು ಮನೆಗಳಲ್ಲಿ, ಅವುಗಳಲ್ಲಿ ಮುಸ್ಲಿಂ ಮನೆಗಳೂ ಬಹಳ, ಹೆಣ್ಣುಮಕ್ಕಳು ಮೊರ ಹಿಡಿದು ಮಾಡುತ್ತಿದ್ದ ಆ ಕೆಲಸವನ್ನು ಗಂಡಸರು 'ಬಿಡುವಿನ ವೇಳೆಯ ಕೆಲಸ' ಎನ್ನುತ್ತಿದ್ದರು. ಈ ಕಾಯ್ದೆಗಳು ಪೂರ್ತಿಯಾಗಿ ಜಾರಿಯಾದವೆಂದು ಯಾರೂ ಹೇಳಲಾರರು. ಆದರೆ ಕಾನೂನಿನಲ್ಲಿ ಹೆಸರಿದ್ದವಳಿಗೆ ಕಚೇರಿಯ ಬಾಗಿಲಲ್ಲಿ ನಿಂತು ಕೇಳುವ ಒಂದು ಹಕ್ಕಾದರೂ ಇರುತ್ತದೆ. ತರಾಹಾಲ್ ಗೇಟಿನ ಹೆಂಗಸಿಗೆ ಆ ಬಾಗಿಲೇ ಇರಲಿಲ್ಲ.

ಆದ್ದರಿಂದ ದುಡಿಯುವ ಹೆಂಗಸಿನ ಚಿತ್ರ ಯಾವ ಗಡಿಯಿಂದ ಬಂದರೂ ಅದರ ಅಡಿಬರಹವನ್ನು ನಂಬುವ ಮುನ್ನ ಒಂದಿಷ್ಟು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ಸರಕು ಯಾರದು? ಕೂಲಿ ಎಷ್ಟು? ಯಾವ ನಿಯಮದಿಂದಾಗಿ ಅದು ಅವಳ ಮೈಮೇಲೆ ಬಂತು? ಅವಳ ಪರವಾಗಿ ಮಾತಾಡುತ್ತಿರುವವರು ಅವಳಿಗೆ ಕೆಲಸ ಕೊಡಿಸಲು ಮಾತಾಡುತ್ತಿದ್ದಾರೋ, ಬಿಡಿಸಲು ಮಾತಾಡುತ್ತಿದ್ದಾರೋ? ಮರುಕ ಪಡುವುದು ಸುಲಭ, ಮರುಕಕ್ಕೂ ಸುಂಕವಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮಾತ್ರ ಚಿತ್ರದಲ್ಲಿ ಇರುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.